ಊರೇ ಮೇಳವಾಗಿದ್ದ ರಂಗ

(ಹಳ್ಳಿಮೈಸೂರಿನ ನಾಟಕಾಸಕ್ತರ ಮುಂದೆ ನಮ್ಮ ವರದಿಗಾರರು ಮಾಡಿದ ಉಪನ್ಯಾಸದ ಬರಹರೂಪ)



ಗ್ರೀಕ್ ಮತ್ತು ರೋಮನ್ ರಂಗಭೂಮಿ ಎಂದ ಕೂಡಲೇ ಅದು ಕಾಲೇಜಿನ ಪಠ್ಯಕ್ಕೆ ಸೇರಿದ ವಿಷಯ, ಹೊಳೆನರಸೀಪುರ, ಅರಕಲಗೂಡು ಸೀಮೆಯಲ್ಲಿ ಬಣ್ಣ ಹಚ್ಚುವವರಿಗೆ ಅದರಿಂದ ಏನಾಗಬೇಕು ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಆದರೆ ಆ ರಂಗಭೂಮಿಯ ಮಾತುಗಳು ಆಗಲೇ ನಮ್ಮ ಬಾಯಲ್ಲಿವೆ. ಊರಲ್ಲಿ 'ಕುರುಕ್ಷೇತ್ರ' ಗೊತ್ತಾಯಿತೆಂದರೆ ಮೊದಲು ಕೇಳುವ ಪ್ರಶ್ನೆ 'ಸೀನರಿ ಯಾರದು?' ಎಂದು. ಈ 'ಸೀನು' ಹುಟ್ಟಿದ್ದು 'ಸ್ಕೀನೆ' ಎಂಬ ಗ್ರೀಕ್ ಪದದಿಂದ. ಅದರ ಅರ್ಥ ಗುಡಾರ. ಪಾತ್ರಧಾರಿಗಳು ವೇಷ ಬದಲಿಸಲು ಹಾಕಿಕೊಂಡಿದ್ದ ಮರೆ ಅದು. 'ಥಿಯೇಟರ್' ಎಂದರೆ ನೋಡುವ ಜಾಗ. 'ಕೋರಸ್' ಎಂದರೆ ಕುಣಿಯುತ್ತ ಹಾಡುವ ಮೇಳ. ಇನ್ನು ಗಣಪತಿ ಹಬ್ಬದ ರಾತ್ರಿ ಸಿನಿಮಾ ಹಾಡು ಹಾಡಿಸಲು ಕರೆಸುತ್ತೇವಲ್ಲ 'ಆರ್ಕೆಸ್ಟ್ರಾ', ಅದರ ಮೂಲಾರ್ಥ ಕುಣಿಯುವ ನೆಲ.

ಕುಣಿಯುವ ನೆಲಕ್ಕಿದ್ದ ಹೆಸರು ದುಡ್ಡು ಕೊಟ್ಟು ಕರೆಸುವ ವಾದ್ಯತಂಡದ ಹೆಸರಾದದ್ದು ಹೇಗೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿದರೆ ಪ್ರಾಚೀನ ರಂಗಭೂಮಿಯ ಏಳುಬೀಳುಗಳೆಲ್ಲ ಕಣ್ಣಿಗೆ ಬೀಳುತ್ತವೆ. ನಮ್ಮ ರಂಗಭೂಮಿಯ ಇಂದಿನ ಸ್ಥಿತಿಯ ಬಗೆಗೂ ಕೆಲವು ಮಾತು ಹೊಳೆಯುತ್ತವೆ.

ದೇವರ ಹಬ್ಬದಲ್ಲಿ ಹುಟ್ಟಿದ ಆಟ

ಗ್ರೀಕ್ ನಾಟಕದ ತವರು ಅಥೆನ್ಸ್ ನಗರ. ಅಲ್ಲಿ ಡಯೋನಿಸಸ್ ಎಂಬ ದೇವರಿದ್ದ. ದ್ರಾಕ್ಷಿ ಬಳ್ಳಿ, ಮದ್ಯ, ಮೈಮರೆವು ಇವುಗಳ ಒಡೆಯ. ಚಳಿಗಾಲ ಕಳೆದು ಮಾರ್ಚ್-ಏಪ್ರಿಲ್ ಹೊತ್ತಿಗೆ ಈ ದೇವರ ದೊಡ್ಡ ಹಬ್ಬ ನಡೆಯುತ್ತಿತ್ತು. ಮೆರವಣಿಗೆ, ಬಲಿ, ಹಾಡು, ಕುಣಿತ, ಅದರ ಜೊತೆಗೆ ನಾಟಕ. ಅಂದರೆ ನಮ್ಮ ಕಡೆ ಊರಹಬ್ಬಕ್ಕೋ ಜಾತ್ರೆಗೋ ನಾಟಕ ಆಡಿಸುವಂತೆಯೇ. ನಾಟಕವೆಂಬುದು ಅಲ್ಲಿ ಪ್ರತಿದಿನ ಸಂಜೆ ಟಿಕೆಟ್ ಕೊಂಡು ಹೋಗುವ ಮನರಂಜನೆಯಾಗಿರಲಿಲ್ಲ. ವರ್ಷದಲ್ಲಿ ಕೆಲವೇ ದಿನ, ದೇವರ ಹೆಸರಿನಲ್ಲಿ ಇಡೀ ಊರು ಸೇರಿ ನಡೆಸುವ ಕಾರ್ಯವಾಗಿತ್ತು.

ಅದಕ್ಕೂ ಮೊದಲು ಇದ್ದದ್ದು ಮೇಳದ ಹಾಡು ಮಾತ್ರ. ದೇವರನ್ನು ಸ್ತುತಿಸಿ ಐವತ್ತು ಜನ ಸುತ್ತು ಕಟ್ಟಿ ಹಾಡುತ್ತ ಕುಣಿಯುತ್ತಿದ್ದರು. ಆ ಹಾಡಿಗೆ 'ಡಿಥಿರಾಂಬ್' ಎಂದು ಹೆಸರು. ಈ ಹಾಡಿನ ಮುಂದಾಳುಗಳಿಂದಲೇ ಗಂಭೀರ ನಾಟಕ ಬೆಳೆಯಿತೆಂದು ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಹೇಳುತ್ತಾನೆ. ಸಂಪ್ರದಾಯದ ಪ್ರಕಾರ ಕ್ರಿ.ಪೂ. 534ರ ಸುಮಾರಿಗೆ ಥೆಸ್ಪಿಸ್ ಎಂಬಾತ ಮೇಳದಿಂದ ಒಂದು ಹೆಜ್ಜೆ ಆಚೆ ನಿಂತು, ಕಥೆಯೊಳಗಿನ ಪಾತ್ರವೇ ತಾನಾಗಿ ಮಾತಾಡಿದ. ಮೇಳ ಕೇಳಿತು, ಅವನು ಉತ್ತರ ಕೊಟ್ಟ. ನಟನಿಗೆ ಗ್ರೀಕರು ಬಳಸಿದ 'ಹಿಪೊಕ್ರಿತೀಸ್' ಎಂಬ ಪದಕ್ಕೆ ಉತ್ತರ ಹೇಳುವವನು ಎಂಬ ಅರ್ಥವನ್ನು ಅನೇಕ ವಿದ್ವಾಂಸರು ಕೊಡುತ್ತಾರೆ.

ನಮ್ಮ ಮೂಡಲಪಾಯ ಬಯಲಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೇಷಧಾರಿ ರಂಗಕ್ಕೆ ಬರುತ್ತಾನೆ. ತಾವು ಯಾರು, ಯಾವ ದೇಶದ ದೊರೆ, ಬಂದ ಕಾರಣವೇನು ಎಂದು ಸಾರಥಿ ಕೇಳುತ್ತಾನೆ. ವೇಷಧಾರಿ ಉತ್ತರ ಹೇಳುತ್ತ ಹೇಳುತ್ತಲೇ ದೊರೆಯಾಗಿಬಿಡುತ್ತಾನೆ. ನಾವು ಗ್ರೀಕರಿಂದ ಕಲಿತೆವು ಎಂದಾಗಲೀ ಅವರು ನಮ್ಮಿಂದ ಕಲಿತರು ಎಂದಾಗಲೀ ನಾನು ಹೇಳುತ್ತಿಲ್ಲ. ಹಾಡುವ ಗುಂಪಿನ ನಡುವೆ ಒಬ್ಬ ಪಾತ್ರವಾಗಿ ನಿಲ್ಲಬೇಕಾದರೆ ಯಾರಾದರೂ ಅವನನ್ನು ಪ್ರಶ್ನೆ ಕೇಳಲೇಬೇಕು. ಎರಡು ಕಡೆಯ ಜನರಿಗೂ ಇದು ಹೊಳೆದಿದೆ.

ಆಮೇಲೆ ನಟರ ಸಂಖ್ಯೆ ನಿಧಾನವಾಗಿ ಬೆಳೆಯಿತು. ಎರಡನೆಯ ನಟನನ್ನು ತಂದವನು ಈಸ್ಕಿಲಸ್, ಮೂರನೆಯವನನ್ನು ತಂದವನು ಸೊಫೊಕ್ಲಿಸ್ ಎಂದು ಅರಿಸ್ಟಾಟಲ್ ಬರೆದಿದ್ದಾನೆ. ರುದ್ರನಾಟಕದಲ್ಲಿ ಅಲ್ಲಿಗೆ ನಿಂತಿತು. ಎಷ್ಟೇ ಪಾತ್ರಗಳಿದ್ದರೂ ಮೂವರೇ ಹಂಚಿಕೊಂಡು ಆಡಬೇಕು. ಮೇಳದಲ್ಲಿ ಮೊದಲು ಹನ್ನೆರಡು, ಸೊಫೊಕ್ಲಿಸನಿಂದ ಈಚೆಗೆ ಹದಿನೈದು ಜನ. ಹಾಸ್ಯನಾಟಕದ ಮೇಳದಲ್ಲಿ ಇಪ್ಪತ್ತನಾಲ್ಕು.

ರಂಗದ ಕಟ್ಟುಪಾಡು

ಅಥೆನ್ಸಿನ ಕೋಟೆಗುಡ್ಡದ ದಕ್ಷಿಣದ ಇಳಿಜಾರೇ ಪ್ರೇಕ್ಷಕರ ಜಾಗ. ಮೊದಮೊದಲು ಮರದ ಹಲಗೆಗಳು, ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಕಲ್ಲಿನ ಸಾಲುಗಳು. ಇಳಿಜಾರಿನ ಕೆಳಗೆ ಮೇಳ ಕುಣಿಯುವ ಬಯಲು, ಅಂದರೆ ಆರ್ಕೆಸ್ಟ್ರಾ. ಸುಗ್ಗಿಯಲ್ಲಿ ಕಾಳು ತುಳಿಸುವ ಕಣವೇ ಇಂಥ ರಂಗಕ್ಕೆ ಮೂಲವಿರಬಹುದು ಎಂದು ಊಹಿಸಿದವರೂ ಇದ್ದಾರೆ. ಬಯಲಿನ ಹಿಂದೆ ಸ್ಕೀನೆ. ಎರಡು ಪಕ್ಕಗಳಲ್ಲಿ ಮೇಳ ಬಂದು ಹೋಗುವ ದಾರಿ. ಬೆಳಗ್ಗೆ ಸೂರ್ಯ ಮೂಡುವ ಹೊತ್ತಿಗೆ ಆಟ ಶುರು. ನಮ್ಮ ಬಯಲಾಟ ಸೂರ್ಯ ಮೂಡುವ ಹೊತ್ತಿಗೆ ಮಂಗಳ ಹಾಡಿ ಮುಗಿಯುತ್ತದೆ, ಅಷ್ಟೇ ವ್ಯತ್ಯಾಸ!

ನಟರೂ ಮೇಳದವರೂ ಎಲ್ಲರೂ ಗಂಡಸರೇ. ರಾಣಿಯ ಪಾತ್ರವನ್ನೂ ಗಂಡಸೇ ಮಾಡಬೇಕು. ಬಟ್ಟೆಯನ್ನು ಬಿರುಸಾಗಿಸಿ ಮಾಡಿದ ಮುಖವಾಡ ಇಡೀ ತಲೆಯನ್ನು ಮುಚ್ಚುತ್ತಿತ್ತು. ಮೂವರು ನಟರು ಹಲವಾರು ಪಾತ್ರ ಮಾಡಲು ಅನುಕೂಲವಾದದ್ದೇ ಈ ಮುಖವಾಡದಿಂದ. ದೂರ ಕುಳಿತವನಿಗೆ ಮುಖದ ಸಣ್ಣ ಭಾವ ಕಾಣುವುದಿಲ್ಲ. ಹಾಗಾಗಿ ದನಿ, ನಿಲುವು, ಕೈಚಲನೆಗಳೇ ಅಭಿನಯ.

ಕೊಲೆ, ಸಾವುಗಳನ್ನು ಸಾಮಾನ್ಯವಾಗಿ ಪ್ರೇಕ್ಷಕರ ಕಣ್ಣೆದುರು ತೋರಿಸುತ್ತಿರಲಿಲ್ಲ. ಒಳಗಿನಿಂದ ಕೂಗು ಕೇಳಿಸುತ್ತದೆ. ದೂತನೊಬ್ಬ ಓಡಿ ಬಂದು ನಡೆದದ್ದನ್ನು ವಿವರವಾಗಿ ಹೇಳುತ್ತಾನೆ. ಬಳಿಕ ಗಾಲಿಯ ಹಲಗೆಯೊಂದನ್ನು ಹೊರಕ್ಕೆ ತಳ್ಳುತ್ತಾರೆ, ಅದರ ಮೇಲೆ ಶವ. ದೇವತೆಗಳನ್ನು ಇಳಿಸಲು ಕ್ರೇನಿನಂಥ ಯಂತ್ರವೊಂದಿತ್ತು. ಕಥೆ ಬಿಡಿಸಲಾಗದಷ್ಟು ಸಿಕ್ಕಾದಾಗ ಈ ಯಂತ್ರದಿಂದ ದೇವರನ್ನು ಇಳಿಸಿ ಮುಗಿಸಿಬಿಡುವ ಕವಿಗಳನ್ನು ಆ ಕಾಲದಲ್ಲೇ ಜನ ಗೇಲಿ ಮಾಡುತ್ತಿದ್ದರು.

ಎಲ್ಲವೂ ಸ್ಪರ್ಧೆ. ಪ್ರತಿ ಹಬ್ಬದಲ್ಲೂ ಮೂವರು ರುದ್ರನಾಟಕಕಾರರು, ಒಬ್ಬೊಬ್ಬರದು ಮೂರು ಗಂಭೀರ ನಾಟಕ, ಕೊನೆಗೊಂದು ತಮಾಷೆಯ ಆಟ. ತೀರ್ಪುಗಾರರು ಹತ್ತು ಜನ, ಅವರನ್ನು ಆರಿಸುವುದು ಚೀಟಿ ಎತ್ತಿ. ಮೇಳದ ವೇಷಭೂಷಣ, ತಾಲೀಮು, ಊಟದ ಖರ್ಚನ್ನು ಊರಿನ ಒಬ್ಬ ಶ್ರೀಮಂತ ಹೊರಬೇಕು. ಅದು ಅವನ ನಾಗರಿಕ ಕರ್ತವ್ಯ. ಗೆದ್ದರೆ ಅವನ ಹೆಸರಿಗೂ ಕೀರ್ತಿ. ಹಾಗೆ ಗೆದ್ದ ಲೈಸಿಕ್ರೆಟಿಸ್ ಎಂಬುವನು ಕ್ರಿ.ಪೂ. 334ರ ಸುಮಾರಿಗೆ ಕಟ್ಟಿಸಿದ ಸ್ಮಾರಕ ಅಥೆನ್ಸಿನಲ್ಲಿ ಈಗಲೂ ನಿಂತಿದೆ. ದೇವಸ್ಥಾನಕ್ಕೆ ಕೊಟ್ಟ ಟ್ಯೂಬ್‌ಲೈಟಿನ ಮೇಲೂ ದಾನಿಯ ಹೆಸರು ಬರೆಸುವ ನಮಗೆ ಈ ಸ್ಮಾರಕ ಅಪರಿಚಿತವೆನ್ನಿಸಲಾರದು.

ಆದರೆ ಇಲ್ಲಿ ಮುಖ್ಯವಾದ ಸಂಗತಿ ಬೇರೆ. ಮೇಳದಲ್ಲಿ ಕುಣಿಯುತ್ತಿದ್ದವರು ವೃತ್ತಿಕಲಾವಿದರಲ್ಲ. ಊರಿನ ಸಾಮಾನ್ಯ ನಾಗರಿಕರು. ನಾಟಕಗಳಲ್ಲದೆ ಹತ್ತು ಬಣಗಳಿಂದ ದೊಡ್ಡವರದೊಂದು, ಹುಡುಗರದೊಂದು ಹಾಡಿನ ಮೇಳ ಬರಬೇಕಿತ್ತು. ಒಂದೊಂದರಲ್ಲಿ ಐವತ್ತು ಜನ. ಎಂದರೆ ಒಂದು ಹಬ್ಬಕ್ಕೆ ಒಂದು ಸಾವಿರ ಜನ ತಾಲೀಮು ಮಾಡಿ ಹಾಡುತ್ತಿದ್ದರು. ಇಳಿಜಾರಿನಲ್ಲಿ ಕುಳಿತು ನೋಡುತ್ತಿದ್ದವನು ಒಂದಲ್ಲ ಒಂದು ವರ್ಷ ತಾನೂ ಆ ನೆಲದ ಮೇಲೆ ಕುಣಿದವನೇ ಆಗಿರುತ್ತಿದ್ದ. ಮೇಳ ಎಂದರೆ ನಾಟಕದೊಳಗೆ ಊರಿಗೆ ಇಟ್ಟ ಜಾಗ.

ಈ 'ಊರು' ಎಂಬುದರಲ್ಲಿ ಎಲ್ಲರೂ ಸೇರಿರಲಿಲ್ಲ ಎಂಬುದನ್ನೂ ಹೇಳಬೇಕು. ಆ ಮೇಳದಲ್ಲಿ ಹೆಂಗಸರಿರಲಿಲ್ಲ, ಗುಲಾಮರಿರಲಿಲ್ಲ. ಅಥೆನ್ಸನ್ನು ಹೊಗಳುವಾಗ ಇದನ್ನು ಮರೆಯಬಾರದು.

ಶತ್ರುವಿನ ಅಳುವಿಗೆ ಬಹುಮಾನ

ಊರೇ ಕುಣಿದು ಊರೇ ನೋಡುವ ಈ ರಂಗದಲ್ಲಿ ಏನನ್ನು ತೋರಿಸಬಹುದು, ಏನನ್ನು ತೋರಿಸಬಾರದು? ಈ ಪ್ರಶ್ನೆ ಅಥೆನ್ಸಿಗೆ ಬಹಳ ಬೇಗ ಎದುರಾಯಿತು.

ಕ್ರಿ.ಪೂ. 494ರಲ್ಲಿ ಅಥೆನ್ಸಿನ ನಂಟಿನ ನಗರವಾದ ಮಿಲೀಟಸನ್ನು ಪಾರಸಿಕರು ಸೂರೆ ಮಾಡಿದರು. ಫ್ರಿನಿಕಸ್ ಎಂಬ ಕವಿ ಅದನ್ನೇ ನಾಟಕ ಮಾಡಿದ. ಪ್ರೇಕ್ಷಕರೆಲ್ಲ ಬಿಕ್ಕಿ ಬಿಕ್ಕಿ ಅತ್ತರು. ನಮ್ಮ ಕಡೆ ಹೀಗಾದರೆ ನಾಟಕ ಗೆದ್ದಿತೆಂದು ಹಾರ ಹಾಕುತ್ತೇವೆ. ಅಥೆನ್ಸಿನವರು ಕವಿಗೆ ಸಾವಿರ ದ್ರಾಕ್ಮಾ ದಂಡ ಹಾಕಿದರು! ನಮ್ಮ ನೋವನ್ನೇ ನಮಗೆ ನೆನಪಿಸಿದ ಎಂಬುದು ಆರೋಪ. ಆ ನಾಟಕವನ್ನು ಇನ್ನು ಮುಂದೆ ಯಾರೂ ಆಡಕೂಡದೆಂದೂ ಆಜ್ಞೆಯಾಯಿತು. ಇತಿಹಾಸಕಾರ ಹಿರಾಡೊಟಸ್ ಇದನ್ನು ದಾಖಲಿಸಿದ್ದಾನೆ.

ಬಳಿಕ ಪಾರಸಿಕರು ಅಥೆನ್ಸಿನ ಮೇಲೇ ದಂಡೆತ್ತಿ ಬಂದರು. ನಗರವನ್ನು ಸುಟ್ಟರು. ಆದರೆ ಕ್ರಿ.ಪೂ. 480ರಲ್ಲಿ ಸಲಾಮಿಸ್ ಎಂಬಲ್ಲಿ ನಡೆದ ಹಡಗಿನ ಯುದ್ಧದಲ್ಲಿ ಸೋತುಹೋದರು. ಎಂಟು ವರ್ಷದ ನಂತರ, ಕ್ರಿ.ಪೂ. 472ರಲ್ಲಿ, ಈಸ್ಕಿಲಸ್ 'ಪಾರಸಿಕರು' ಎಂಬ ನಾಟಕವನ್ನು ಸ್ಪರ್ಧೆಗೆ ತಂದ. ಅವನು ಕೇವಲ ಕವಿಯಲ್ಲ. ಮ್ಯಾರಥಾನ್ ಯುದ್ಧದಲ್ಲಿ ಕಾದಾಡಿದವನು, ಅದೇ ಯುದ್ಧದಲ್ಲಿ ಸೋದರನನ್ನು ಕಳೆದುಕೊಂಡವನು. ಅಂಥವನು ಗೆಲುವಿನ ನಾಟಕ ಬರೆದರೆ ಅದರಲ್ಲಿ ಅಥೆನ್ಸಿನ ವೀರರ ಜೈಕಾರವಿರಬೇಕಲ್ಲವೇ?

ಅವನ ನಾಟಕದಲ್ಲಿ ಒಬ್ಬನೇ ಒಬ್ಬ ಗ್ರೀಕ್ ಪಾತ್ರವಿಲ್ಲ. ನಡೆಯುವುದು ಶತ್ರುವಿನ ರಾಜಧಾನಿಯಲ್ಲಿ. ಮೇಳವೆಂದರೆ ಯುದ್ಧಕ್ಕೆ ಹೋದವರು ಬರುವರೋ ಇಲ್ಲವೋ ಎಂದು ಕಾಯುತ್ತಿರುವ ಪಾರಸಿಕ ಮುದುಕರು. ಮಗನಿಗಾಗಿ ತಳಮಳಿಸುವ ತಾಯಿ ರಾಣಿ. ದೂತ ಬಂದು ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾನೆ. ಕೊನೆಗೆ ದೊರೆ ಕ್ಸರ್ಕ್ಸಿಸ್ ಹರಿದ ಬಟ್ಟೆಯಲ್ಲಿ ಬರುತ್ತಾನೆ. ದೊರೆಯೂ ಮೇಳವೂ ಕೂಡಿ ಅಳುತ್ತಾರೆ. ನಾಟಕ ಅಳುವಿನಲ್ಲೇ ಮುಗಿಯುತ್ತದೆ.

ನೋಡುತ್ತ ಕುಳಿತವರಲ್ಲಿ ಎಷ್ಟೋ ಜನ ಸಲಾಮಿಸಿನಲ್ಲಿ ಆ ಪಾರಸಿಕರನ್ನೇ ಕೊಂದು ಬಂದವರು. ಶತ್ರುವಿನ ವೇಷ ತೊಟ್ಟು ಅಳುತ್ತಿದ್ದ ಮೇಳದವರೂ ಅವರ ಊರಿನವರೇ. ಈ ನಾಟಕಕ್ಕೆ ಅಥೆನ್ಸ್ ಮೊದಲ ಬಹುಮಾನ ಕೊಟ್ಟಿತು. ಗೆದ್ದವರ ಹೆಮ್ಮೆಯೂ ಇದರಲ್ಲಿ ಅಡಗಿದೆ ಎನ್ನುವ ವಿದ್ವಾಂಸರಿದ್ದಾರೆ. ಇರಲಿ. ಹೆಮ್ಮೆಯಿಂದ ನೋಡಲು ಬಂದವನೂ ಒಂದಿಷ್ಟು ಹೊತ್ತು ಶತ್ರುವಿನ ಮನೆಯ ಜಗಲಿಯಲ್ಲಿ ಕುಳಿತು ಅವನ ತಾಯಿಯ ಸಂಕಟ ಕೇಳಬೇಕಾಯಿತು. ನಮಗೆ ಇಡಿಯಾಗಿ ದೊರೆತಿರುವ ಗ್ರೀಕ್ ನಾಟಕಗಳಲ್ಲಿ ಇದೇ ಅತ್ಯಂತ ಹಳೆಯದು.

ಕುಣಿಯುವ ನೆಲದಲ್ಲಿ ದೊಡ್ಡವರ ಆಸನ

ಇನ್ನು ರೋಮಿಗೆ ಬರೋಣ. ಗ್ರೀಕರನ್ನು ಯುದ್ಧದಲ್ಲಿ ಗೆದ್ದ ರೋಮನ್ನರು ಅವರ ನಾಟಕಕ್ಕೆ ಸೋತರು. ಕ್ರಿ.ಪೂ. 240ರಲ್ಲಿ ಲಿವಿಯಸ್ ಆಂಡ್ರೊನಿಕಸ್ ಎಂಬುವನು ಗ್ರೀಕ್ ಮಾದರಿಯ ನಾಟಕವನ್ನು ಲ್ಯಾಟಿನ್ ಭಾಷೆಯಲ್ಲಿ ಆಡಿಸಿದ. ಪ್ಲಾಟಸ್ ಮತ್ತು ಟೆರೆನ್ಸ್ ಗ್ರೀಕ್ ಹಾಸ್ಯನಾಟಕಗಳನ್ನು ತಮ್ಮದಾಗಿಸಿಕೊಂಡರು. ಜಿಪುಣ ಅಪ್ಪ, ಪ್ರೇಮದಲ್ಲಿ ಬಿದ್ದ ಮಗ, ಎಲ್ಲರಿಗಿಂತ ಬುದ್ಧಿವಂತನಾದ ಆಳು, ಬಡಾಯಿ ಸಿಪಾಯಿ: ಇಂದಿನ ಸಿನಿಮಾ ಹಾಸ್ಯದವರೆಗೂ ನಡೆದು ಬಂದಿರುವ ಈ ಪಾತ್ರಗಳು ಅವರ ನಾಟಕಗಳ ಬಂಡವಾಳ.

ಆದರೆ ರಂಗದ ಒಳಗೊಂದು ದೊಡ್ಡ ಬದಲಾವಣೆ ಆಯಿತು. ಹಾಸ್ಯನಾಟಕದಿಂದ ಮೇಳ ಮಾಯವಾಯಿತು. ಮೇಳವಿಲ್ಲವೆಂದ ಮೇಲೆ ಕುಣಿಯುವ ನೆಲ ಯಾತಕ್ಕೆ? ಆರ್ಕೆಸ್ಟ್ರಾ ಅರ್ಧಚಂದ್ರಾಕಾರಕ್ಕೆ ಕುಗ್ಗಿತು. ಅಲ್ಲಿ ಸೆನೆಟಿನ ಸದಸ್ಯರಿಗೆ, ಅಂದರೆ ಊರಿನ ದೊಡ್ಡವರಿಗೆ, ಆಸನ ಹಾಕಿದರು. ಊರು ಕುಣಿಯುತ್ತಿದ್ದ ಜಾಗದಲ್ಲಿ ಮುಂದಿನ ಸಾಲಿನ ಕುರ್ಚಿಗಳು ಬಂದವು! ಎಷ್ಟೋ ಶತಮಾನಗಳ ನಂತರ ಯೂರೋಪಿನ ನಾಟಕಶಾಲೆಗಳಲ್ಲಿ ರಂಗದ ಮುಂದಿನ ಆ ಜಾಗದಲ್ಲಿ ವಾದ್ಯಗಾರರು ಕುಳಿತರು. ಜಾಗದ ಹೆಸರು ಅವರಿಗೂ ಅಂಟಿತು. ಅದೇ ಹೆಸರು ನಮ್ಮ ಗಣಪತಿ ಪೆಂಡಾಲಿಗೆ ಬಂದದ್ದು ಹೀಗೆ.

ರೋಮಿನಲ್ಲಿ ನಾಟಕದ ಖರ್ಚು ನೋಡಿಕೊಳ್ಳುತ್ತಿದ್ದವರು ಅಧಿಕಾರಿಗಳು. ಹಬ್ಬವನ್ನು ಅದ್ದೂರಿಯಾಗಿ ಮಾಡಿದರೆ ಮುಂದಿನ ಚುನಾವಣೆಯಲ್ಲಿ ಅನುಕೂಲ. ಜನರಿಗೆ ಪ್ರವೇಶ ಉಚಿತ. ನಟರಲ್ಲಿ ಅನೇಕರು ಗುಲಾಮರು ಇಲ್ಲವೇ ಬಿಡುಗಡೆಯಾದ ಗುಲಾಮರು. ನಾಟಕದವನೆಂದರೆ ಸಮಾಜದಲ್ಲಿ ಕೀಳು. ಪ್ರೇಕ್ಷಕರ ಮನಸ್ಸಾದರೂ ಎಲ್ಲಿತ್ತು? ಟೆರೆನ್ಸನ 'ಅತ್ತೆ' ಎಂಬ ನಾಟಕ ಕ್ರಿ.ಪೂ. 165ರಲ್ಲಿ ಆರಂಭವಾದಾಗ ಹಗ್ಗದ ಮೇಲೆ ನಡೆಯುವವನು ಬಂದನೆಂಬ ಸುದ್ದಿಗೆ ಗದ್ದಲವೆದ್ದು ಆಟ ನಿಂತಿತು. ಎರಡನೆಯ ಸಲ ಕತ್ತಿಕಾಳಗದ ಸುದ್ದಿ ಆಟ ಕೆಡಿಸಿತು. ಮೂರನೆಯ ಪ್ರಯತ್ನದಲ್ಲಿ ಅಂತೂ ನಾಟಕ ಮುಗಿಯಿತು.

ರೋಮಿನ ಮೊದಲ ಶಾಶ್ವತ ಕಲ್ಲಿನ ನಾಟಕಶಾಲೆಯನ್ನು ಸೇನಾಪತಿ ಪಾಂಪಿ ಕ್ರಿ.ಪೂ. 55ರಲ್ಲಿ ಕಟ್ಟಿಸಿದ. ಅದಕ್ಕೆ ಗುಡ್ಡದ ಇಳಿಜಾರು ಬೇಕಿರಲಿಲ್ಲ. ಕಮಾನುಗಳ ಮೇಲೆ ಸಮತಟ್ಟಿನ ನೆಲದಲ್ಲೇ ಎದ್ದು ನಿಂತಿತು. ಕಟ್ಟಡ ಬೆಳೆಯಿತು, ನಾಟಕ ತೆಳುವಾಯಿತು. ಚಕ್ರಾಧಿಪತ್ಯದ ಕಾಲಕ್ಕೆ ಜನ ಮೆಚ್ಚಿದ್ದು 'ಮೈಮ್' ಎಂಬ ಒರಟು ಪ್ರಹಸನವನ್ನು. ಅದರಲ್ಲಿ ಮುಖವಾಡವಿಲ್ಲ, ಹೆಣ್ಣುಪಾತ್ರವನ್ನು ಹೆಂಗಸರೇ ಮಾಡುತ್ತಿದ್ದರು. ಆ ಒಂದು ವಿಷಯದಲ್ಲಿ ಅದು ಅಥೆನ್ಸಿಗಿಂತ ಮುಂದಿತ್ತೆನ್ನಬೇಕು.

ಮರಳಲ್ಲಿ ಸಿಕ್ಕ ಕನ್ನಡ?

ಇಂಥದೇ ಒಂದು ಪ್ರಹಸನದ ಮೂಲಕ ಈ ಕಥೆ ನಮ್ಮ ಕಡೆಗೆ ತಿರುಗುತ್ತದೆ. ಈಜಿಪ್ಟ್ ಆಗ ರೋಮಿನ ಆಳ್ವಿಕೆಯಲ್ಲಿತ್ತು. ಅಲ್ಲಿನ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಂಗ್ಲಿಷ್ ವಿದ್ವಾಂಸರು ಅಗೆದಾಗ ಸಾವಿರಾರು ಪಪೈರಸ್ ಹಾಳೆಗಳು ಸಿಕ್ಕವು. ಅವುಗಳಲ್ಲಿ 413ನೆಯ ಸಂಖ್ಯೆಯದು 1903ರಲ್ಲಿ ಪ್ರಕಟವಾಯಿತು. ಅದೊಂದು ಗ್ರೀಕ್ ಪ್ರಹಸನ. ಬರವಣಿಗೆ ಕ್ರಿ.ಶ. ಎರಡನೆಯ ಶತಮಾನದ್ದು. ಖಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲ ತೀರದ ದೇವಾಲಯವೊಂದರಲ್ಲಿ ಸೆರೆಯಾಗಿದ್ದಾಳೆ. ಅಣ್ಣ ಬರುತ್ತಾನೆ, ಭಾರತದ ರಾಜನಿಗೂ ಅವನ ಕಡೆಯವರಿಗೂ ಮದ್ಯ ಕುಡಿಸಿ ಮತ್ತೇರಿಸಿ, ತಂಗಿಯನ್ನು ಹಡಗಿನಲ್ಲಿ ಪಾರು ಮಾಡುತ್ತಾನೆ. ಯಾವಾಗ ನಗಾರಿ ಹೊಡೆಯಬೇಕೆಂಬ ಗುರುತುಗಳೂ ಆ ಹಾಳೆಯಲ್ಲಿವೆ.

ರಾಜನೂ ಅವನ ಜನರೂ ಆಡುವ ಮಾತುಗಳು ಗ್ರೀಕಲ್ಲ. ಶಾಸನತಜ್ಞ ಹುಲ್ಟ್ಜ್ 1904ರಲ್ಲಿ ಅವುಗಳಲ್ಲಿ ಕೆಲವು ಕನ್ನಡವೆಂದು ವಾದಿಸಿದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಕನ್ನಡದ ಪರವಾಗಿ ನಿಂತರು. ಬಾರ್ನೆಟ್ ಎಂಬ ವಿದ್ವಾಂಸ ಒಪ್ಪಲಿಲ್ಲ. ಅದು ತುಳು ಎಂದವರೂ ಇದ್ದಾರೆ. ಬರೀ ಅರ್ಥವಿಲ್ಲದ ಸದ್ದು ಎನ್ನುವವರೂ ಇದ್ದಾರೆ. ಕನ್ನಡವೇ ಎಂದು ಸಿದ್ಧವಾದರೆ ನಮ್ಮ ಜಿಲ್ಲೆಯ ಹಲ್ಮಿಡಿ ಶಾಸನಕ್ಕಿಂತ ಅದು ಎರಡು ಶತಮಾನಕ್ಕೂ ಹೆಚ್ಚು ಹಳೆಯದಾಗುತ್ತದೆ. ವಾದ ಇನ್ನೂ ಮುಗಿದಿಲ್ಲ.

ಈ ಚರ್ಚೆಯಲ್ಲಿ ನಾವು ಹೆಮ್ಮೆಪಡುವುದು ಸಹಜ. ಆದರೆ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆ ಪ್ರಹಸನದಲ್ಲಿ ಪರದೇಶದವನ ಮಾತಿರುವುದು ನಗಿಸುವುದಕ್ಕಾಗಿ. ಅವನು ಕುಡಿಯಬೇಕು, ತೊದಲಬೇಕು, ಮೋಸಹೋಗಬೇಕು. ಈಸ್ಕಿಲಸನ ರಂಗದಲ್ಲಿ ಶತ್ರುವಿನ ಅಳು ಊರಿನ ಕಿವಿಗೆ ಬಿದ್ದಿತ್ತು. ಸುಮಾರು ಆರುನೂರು ವರ್ಷದ ಬಳಿಕ ಪರಕೀಯನ ಮಾತು ಬರೀ ಸದ್ದಾಗಿತ್ತು. ಆ ಸದ್ದು ನಮ್ಮ ಪೂರ್ವಿಕರ ಮಾತೇ ಆಗಿದ್ದಿರಬಹುದು.

ಬೆಳ್ಳೂರಿನ ಶ್ರೀಕಂಠಯ್ಯನವರು

ಗ್ರೀಕರ ಆ ಹಳೆಯ ಗುಣವನ್ನು ಕನ್ನಡಕ್ಕೆ ತಂದವರು ನಮ್ಮ ನೆರೆಯವರೇ. ಬೆಂಗಳೂರಿಂದ ಹಾಸನದ ಬಸ್ಸಿನಲ್ಲಿ ಬರುವಾಗ ಬೆಳ್ಳೂರು ಕ್ರಾಸ್ ಸಿಗುತ್ತದಲ್ಲ, ಆ ಬೆಳ್ಳೂರಿನ ಮನೆತನದ ಬಿ.ಎಂ. ಶ್ರೀಕಂಠಯ್ಯನವರು. ಹುಟ್ಟಿದ್ದು 1884ರಲ್ಲಿ, ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತ ಕನ್ನಡ ಕಟ್ಟಿದವರು. 'ಟ್ರ್ಯಾಜಿಡಿ' ಎಂಬುದಕ್ಕೆ 'ರುದ್ರನಾಟಕ' ಎಂಬ ಹೆಸರನ್ನು ನೆಲೆಗೊಳಿಸಿದವರು ಅವರೇ.

ಅವರು ಮೊದಲು ಕೈಹಾಕಿದ್ದು ರನ್ನನ ಗದಾಯುದ್ಧಕ್ಕೆ. ಹತ್ತನೆಯ ಶತಮಾನದ ಕೊನೆಯ ಈ ಕವಿಯ ಗುರುತು ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಇದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕೆತ್ತಿರುವ 'ಕವಿರತ್ನ' ಎಂಬ ಅಕ್ಷರಗಳು ರನ್ನನವೇ ಎಂದು ವಿದ್ವಾಂಸರು ನಂಬುತ್ತಾರೆ. ರನ್ನನ ಕಾವ್ಯಕ್ಕೆ ನಾಯಕ ಭೀಮ. ಆಶ್ರಯ ಕೊಟ್ಟ ಚಾಲುಕ್ಯ ದೊರೆ ಸತ್ಯಾಶ್ರಯನನ್ನೇ ಭೀಮನೊಡನೆ ಸಮೀಕರಿಸಿ ಬರೆದದ್ದು. ಹಾಗಿದ್ದರೂ ಓದುಗನ ಕಣ್ಣೀರು ಹರಿಯುವುದು ದುರ್ಯೋಧನನಿಗೆ. ಹೆಣಗಳ ನಡುವೆ ಒಂಟಿಯಾಗಿ ನಡೆದು, ಸತ್ತ ಗೆಳೆಯನನ್ನೂ ತಮ್ಮನನ್ನೂ ಕಂಡು ಅಳುವ ದುರ್ಯೋಧನ. ಶ್ರೀಯವರು ಇಲ್ಲಿ ಗ್ರೀಕ್ ರುದ್ರನಾಟಕದ ನಾಯಕನನ್ನು ಗುರುತಿಸಿದರು. ರನ್ನನ ಪದ್ಯಗಳನ್ನೇ ಬಹುಮಟ್ಟಿಗೆ ಬಳಸಿ, ಗ್ರೀಕರ ಚೌಕಟ್ಟಿಗೆ ಒಗ್ಗಿಸಿ 1926ರಲ್ಲಿ 'ಗದಾಯುದ್ಧ ನಾಟಕಂ' ಪ್ರಕಟಿಸಿದರು.

ಎರಡನೆಯದು 1929ರ 'ಅಶ್ವತ್ಥಾಮನ್'. ಇದಕ್ಕೆ ಮಾದರಿ ಸೊಫೊಕ್ಲಿಸನ 'ಏಜಾಕ್ಸ್'. ಅಲ್ಲಿ ಅವಮಾನಿತನಾದ ವೀರನೊಬ್ಬ ಬುದ್ಧಿಭ್ರಮಣೆಯಾಗಿ ದನಕುರಿಗಳನ್ನೇ ಶತ್ರುಗಳೆಂದು ಕೊಲ್ಲುತ್ತಾನೆ. ತಿಳಿವು ಬಂದಾಗ ನಾಚಿ ಪ್ರಾಣ ಬಿಡುತ್ತಾನೆ. ಅವನ ಶವಕ್ಕೆ ಸಂಸ್ಕಾರ ಕೊಡಬಾರದೆಂದು ದೊರೆಗಳು ಹಟ ಹಿಡಿದಾಗ, ಕೊಡಲೇಬೇಕೆಂದು ವಾದಿಸುವವನು ಅವನ ಬದ್ಧವೈರಿ ಒಡಿಸ್ಯೂಸ್. ಶ್ರೀಯವರು ಆ ವೀರನ ಜಾಗದಲ್ಲಿ ಅಶ್ವತ್ಥಾಮನನ್ನು ನಿಲ್ಲಿಸಿದರು. ಚಿರಂಜೀವಿಯೆಂದು ಪುರಾಣ ಹೇಳುವವನು ನಾಟಕದಲ್ಲಿ ಪ್ರಾಣ ಬಿಡುವುದೇ ಎಂದು ಆಕ್ಷೇಪ ಬಂತು. ಮೂರನೆಯದು ಈಸ್ಕಿಲಸನ ನಾಟಕದ ಅನುವಾದ, 1935ರ 'ಪಾರಸಿಕರು'.

ದುರ್ಯೋಧನ, ಅಶ್ವತ್ಥಾಮ, ಪಾರಸಿಕರು: ಮೂರೂ ಸೋತವರ ಕಥೆ. ಮೂರರಲ್ಲೂ ನಾವು ಶತ್ರುವೆಂದು ಕಲಿತವರ ಮನೆಯೊಳಗೆ ಹೋಗಿ ಕೂರಬೇಕು. ಸಂಸ್ಕೃತದಲ್ಲಿ ಭಾಸನ 'ಊರುಭಂಗ' ದುರ್ಯೋಧನನ ಸಾವನ್ನು ರಂಗದ ಮೇಲೆ ತೋರಿಸುವುದಾದರೂ ಅದು ವಿರಳ ಉದಾಹರಣೆ. ನಾಟಕ ಶುಭದಲ್ಲೇ ಮುಗಿಯಬೇಕೆಂಬುದು ಪದ್ಧತಿ. ಶ್ರೀಯವರ ನಾಟಕಗಳ ಭಾಷೆ ಹಳಗನ್ನಡದ ಗತ್ತಿನದು, ಆಡುವುದು ಸುಲಭವಲ್ಲ. ಆದರೂ ಅವರು ತೆರೆದ ದಾರಿ ಮುಚ್ಚಲಿಲ್ಲ. ಮುಂದೆ ಪಿ. ಲಂಕೇಶರು ಸೊಫೊಕ್ಲಿಸನ ನಾಟಕಗಳನ್ನು 'ದೊರೆ ಈಡಿಪಸ್', 'ಅಂತಿಗೊನೆ' ಎಂದು ಆಡುಮಾತಿಗೆ ಹತ್ತಿರದ ಕನ್ನಡಕ್ಕೆ ತಂದರು.

ನಮ್ಮ ಮೇಳ ಎಲ್ಲಿದೆ?

ಈಗ ನಮ್ಮ ಅಂಗಳಕ್ಕೆ ಬರೋಣ. ಹಾಸನ, ಮಂಡ್ಯ, ತುಮಕೂರು ಸೀಮೆಯ ಮೂಡಲಪಾಯದಲ್ಲಿ ಭಾಗವತ ಪದ ಎತ್ತುತ್ತಾನೆ, ಹಿಮ್ಮೇಳದವರು ಸಾಲಿನ ಕೊನೆಯನ್ನು ಹಿಡಿದು ಮೇಲಕ್ಕೆತ್ತುತ್ತಾರೆ. ಮುಖವೀಣೆ, ಮದ್ದಳೆ, ತಾಳ. ಕೋಡಂಗಿ ಕಥೆಯ ಒಳಗೂ ಹೊರಗೂ ಓಡಾಡಿ ಜನರನ್ನು ನಗಿಸುತ್ತಾನೆ. ಸುಗ್ಗಿ ಮುಗಿದ ಮೇಲೆ ಬಯಲಿನಲ್ಲಿ ಇಡೀ ರಾತ್ರಿ ಆಟ. ವೇಷ ಕಟ್ಟುವವರು, ಹಾಡುವವರು ಊರಿನ ಬೇಸಾಯಗಾರರೇ. ಜೀ.ಶಂ. ಪರಮಶಿವಯ್ಯನವರಂಥ ಜಾನಪದ ವಿದ್ವಾಂಸರು ಇದನ್ನು ಅಭ್ಯಾಸ ಮಾಡಿ ನಾಡಿನ ಗಮನಕ್ಕೆ ತಂದರು. ಆದರೆ ಹಾಡಬಲ್ಲ ಭಾಗವತರು ಕಡಿಮೆಯಾದರು. ಮುಖವೀಣೆ ನುಡಿಸುವವರಂತೂ ಇನ್ನೂ ವಿರಳ.

ಅದರ ಜಾಗವನ್ನು ಬಹುಮಟ್ಟಿಗೆ ತುಂಬಿರುವುದು ಕಂಪನಿ ನಾಟಕದ ಧಾಟಿಯ ಪೌರಾಣಿಕ ನಾಟಕ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ಪಾತ್ರಧಾರಿಗಳು ತಾವೇ ಹಣ ಹಾಕಿಕೊಳ್ಳುತ್ತಾರೆ, ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಅಥೆನ್ಸಿನಲ್ಲಿ ಶ್ರೀಮಂತ ಹಣ ಕೊಟ್ಟು ಊರನ್ನು ಕುಣಿಸಿದ. ನಮ್ಮಲ್ಲಿ ಕುಣಿಯುವವನೇ ಹಣವನ್ನೂ ಕೊಡುತ್ತಾನೆ. ಇದನ್ನು ಪಟ್ಟಣದವರು ಕೆಲವೊಮ್ಮೆ ಹಗುರವಾಗಿ ಕಾಣುತ್ತಾರೆ. ಆದರೆ ಗೇಯ್ದು ದುಡಿದ ದುಡ್ಡು ಹಾಕಿ ಒಂದು ರಾತ್ರಿ ದುರ್ಯೋಧನನಾಗಬೇಕೆಂಬ ಆಸೆಯಲ್ಲಿ ಹಗುರವಾದದ್ದು ಏನೂ ಇಲ್ಲ. ಪೈಪೋಟಿ ಹೆಚ್ಚಾಗಿ ನಡೆಯುವುದೂ ದುರ್ಯೋಧನನ ಪಾತ್ರಕ್ಕೇ. ಧರ್ಮರಾಯನಾಗಲು ಅಷ್ಟು ಜನ ಮುಂದೆ ಬರುವುದಿಲ್ಲ! ಯಾರು ತಪ್ಪು ಮಾಡಿದರೋ ಅವರ ಒಳಗನ್ನೇ ಹೊಕ್ಕು ನೋಡಬೇಕೆಂಬ ಹಂಬಲ ಊರಿನಲ್ಲಿ ಉಳಿದಿದೆ. ರನ್ನ ಕಂಡದ್ದು, ಶ್ರೀಯವರು ಕಂಡದ್ದು ಅದನ್ನೇ.

ಕಳೆದುಹೋಗುತ್ತಿರುವುದು ಮೇಳ. ನಮ್ಮ ನಾಟಕದಲ್ಲಿ ಈಗ ಒಬ್ಬೊಬ್ಬ ಪಾತ್ರಧಾರಿಯೂ ಮೈಕಿನ ಮುಂದೆ ನಿಂತು ತನ್ನ ರಂಗಗೀತೆ ಹಾಡಿ ಹೋಗುತ್ತಾನೆ. ಅವನ ನೆಂಟರು ಹಾರ ಹಾಕುತ್ತಾರೆ. ಅವನ ಪಾತ್ರ ಮುಗಿದ ಕೂಡಲೇ ಅವರೂ ಎದ್ದು ಹೋಗುತ್ತಾರೆ. ದುರ್ಯೋಧನ ಅಳುವಾಗ ಅವನ ಜೊತೆ ದನಿಗೂಡಿಸುವ ಊರು ರಂಗದ ಮೇಲೂ ಇಲ್ಲ, ಬೆಳಗಿನ ಜಾವಕ್ಕೆ ರಂಗದ ಮುಂದೆಯೂ ಇಲ್ಲ. ಮುಂದಿನ ಸಾಲಿನಲ್ಲಿ ಮಾತ್ರ ಗಣ್ಯರ ಕುರ್ಚಿಗಳಿರುತ್ತವೆ, ಭಾಷಣ ಮುಗಿದ ಮೇಲೆ ಅವೂ ಖಾಲಿ. ರೋಮಿನ ದಾರಿ ಇದೇ ಆಗಿತ್ತು.

ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವುದೂ ಸರಿಯಲ್ಲ. ನಮ್ಮ ಹಳೆಯ ಬಯಲಾಟದಲ್ಲೂ ಹೆಂಗಸರಿಗೆ ವೇಷವಿರಲಿಲ್ಲ. ದೂರ ನಿಂತು ನೋಡಬೇಕಾಗಿದ್ದ ಕೇರಿಯವರೂ ಇದ್ದರು. ಈಗ ಹೆಣ್ಣುಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತೇವೆ, ನಮ್ಮ ಮನೆಯ ಹೆಣ್ಣುಮಕ್ಕಳು ಮಾತ್ರ ಚಾಪೆಯ ಮೇಲೆಯೇ ಇದ್ದಾರೆ. ಮೇಳವನ್ನು ಮತ್ತೆ ಕಟ್ಟುವುದಾದರೆ ಯಾರನ್ನೂ ಹೊರಗೆ ನಿಲ್ಲಿಸದ ಮೇಳವನ್ನೇ ಕಟ್ಟಬೇಕು.

ಅದೇನೂ ದೊಡ್ಡ ಖರ್ಚಿನ ಕೆಲಸವಲ್ಲ. ಮುಂದಿನ ಸಲ ನಿಮ್ಮೂರಲ್ಲಿ 'ಕುರುಕ್ಷೇತ್ರ' ತಾಲೀಮು ಶುರುವಾದಾಗ ಮೇಷ್ಟ್ರಿಗೆ ಹೇಳಿ: ಶಾಲೆಯ ಹತ್ತು ಮಕ್ಕಳು, ಸ್ತ್ರೀಶಕ್ತಿ ಸಂಘದ ಐದಾರು ಜನ, ಎಲ್ಲ ಕೇರಿಯಿಂದಲೂ ಬರಲಿ, ಪಲ್ಲವಿಯನ್ನು ಅವರು ಹಿಡಿಯಲಿ. ಹತ್ತಿರದ ಹಳ್ಳಿಯಲ್ಲಿ ಮೂಡಲಪಾಯದ ಪದ ಬಲ್ಲ ಹಿರಿಯರಿದ್ದರೆ ಅವರನ್ನು ಒಂದು ತಿಂಗಳು ಕರೆತಂದು ಕಲಿಸಿ. ಹಾಡಿದ ಮಗು ಬೆಳಗಿನವರೆಗೂ ಕೂರುತ್ತದೆ, ಮಗುವಿನ ಜೊತೆ ಮನೆಯವರೂ ಕೂರುತ್ತಾರೆ. ವೈಶಂಪಾಯನ ಸರೋವರದ ಹೊತ್ತಿಗೆ ದುರ್ಯೋಧನನ ಅಳುವಿಗೆ ಓಗೊಡಲು ಊರು ಎಚ್ಚರವಾಗಿರುತ್ತದೆ.